ಒಂದು ಕೂಡಿಸು ಎರಡು ಹನ್ನೊಂದು: ಪುಣೆಯ ಮರಾಠಿ ಶಾಲೆಯಲ್ಲಿ ನಮ್ಮ ಕಡೆ ಮಕ್ಕಳು

ಇವತ್ತು ಶಾಲೆ ವಿಷಯ. ಆದ್ರೆ ನಮ್ಮ ನಿಮ್ಮ ಮಕ್ಕಳು ಹೋಗೋ ಸಿಬಿಎಸ್‌ಇ ಶಾಲೆ ಅಲ್ಲ. ಅದರ ಫೀಸು, ಅಡ್ಮಿಷನ್ ಗಲಾಟೆ ಬಗ್ಗೆ ನಾವು ದಿನಾ ಪಾರ್ಕಿಂಗ್‌ನಲ್ಲಿ ನಿಂತು ಮಾತಾಡೋದು ಸಾಕು. ಹಿಂಜವಡಿ, ವಾಕಡ್, ಬಾಣೇರ್ ಕಡೆ ನಾವಿರೋ ಟವರ್‌ಗಳನ್ನ ಕಟ್ಟಿದವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯವರೂ ಇದ್ದಾರೆ. ಅವರ ಮಕ್ಕಳು ಹೋಗೋದು ಹತ್ತಿರದ ಸರ್ಕಾರಿ ಮರಾಠಿ ಶಾಲೆಗೆ. ಆ ಮಕ್ಕಳ ಮಾರ್ಕ್ಸ್ ಬಗ್ಗೆ ಮಾತಾಡೋಣ ಅಂತ ಬಂದಿದ್ದೀನಿ.

ನಮ್ಮ ಸೊಸೈಟಿ ಪಕ್ಕದ ಸೈಟ್‌ನಲ್ಲಿ ಶನಿವಾರ ಸಂಜೆ ಮಕ್ಕಳಿಗೆ ಪಾಠ ಹೇಳೋಕೆ ನಾವು ನಾಲ್ಕು ಜನ ಹೋಗ್ತಿದ್ವಿ. ಸಿಂದಗಿ ಕಡೆಯ ಒಂದು ಹುಡುಗಿ, ಒಂಬತ್ತು ವರ್ಷ. ಊರಲ್ಲಿ ಎರಡನೇ ಕ್ಲಾಸ್ ಮುಗಿಸಿ ಬಂದವಳನ್ನ ಇಲ್ಲಿ ಒಂದನೇ ಕ್ಲಾಸಲ್ಲಿ ಕೂರಿಸಿದ್ದರು. ಲೆಕ್ಕ ಬರೋದಿಲ್ಲ ಅಂತ ಕಾರಣ. ನೋಟ್‌ಬುಕ್ ತೆಗೆಸಿದೆ. ಒಂದು ಕೂಡಿಸು ಎರಡು, ಉತ್ತರ ಹನ್ನೊಂದು. ಕೆಂಪು ಇಂಕಿನ ತಪ್ಪು ಗುರುತು. ಮೊದಲ ಅಂಕಿ ಮೇಲೆ ಬೆರಳಿಟ್ಟು, ಇದೇನಮ್ಮಾ ಅಂದೆ. "ಒಂಬತ್ರಿ ಅಣ್ಣಾ" ಅಂದಳು.

ಅದು ದೇವನಾಗರಿಯ ಒಂದು. ಊರ ಶಾಲೆಯಲ್ಲಿ ಅವಳು ಕಲಿತದ್ದು 1, 2, 3. ಇಲ್ಲಿನ ಮರಾಠಿ ಪುಸ್ತಕದಲ್ಲಿ ಇರೋದು ದೇವನಾಗರಿ ಅಂಕಿ. ಅದರ ಒಂದು ನೋಡೋಕೆ ಹೆಚ್ಚುಕಡಿಮೆ ನಮ್ಮ 9ರ ಹಾಗೇ ಇರುತ್ತೆ, ಎರಡು ಮಾತ್ರ 2ರ ಹಾಗೆ. ಒಂಬತ್ತಕ್ಕೆ ಎರಡು ಕೂಡಿಸಿದರೆ ಹನ್ನೊಂದೇ ತಾನೆ? ಹುಡುಗಿ ಕೂಡಿಸಿದ್ದು ಸರಿ ಇತ್ತು. ನಾವು ಇದನ್ನ ಎನ್‌ಕೋಡಿಂಗ್ ಸಮಸ್ಯೆ ಅಂತೀವಿ. ಫೈಲ್ ಸರಿ ಇದೆ, ಓದೋ ರೀತಿ ಬೇರೆ. ಆದ್ರೆ ಫೈಲ್‌ನ ಯಾರೂ ಎರಡು ಕ್ಲಾಸ್ ಹಿಂದೆ ಕೂರಿಸಲ್ಲ.

ಇನ್ನೊಂದು ಕೇಳಿ. ನಾವು ಇಪ್ಪತ್ತೈದು ಅಂತೀವಿ, ಇಪ್ಪತ್ತು ಮೊದಲು, ಐದು ಆಮೇಲೆ. ಬರೆಯೋದೂ ಅದೇ ಕ್ರಮದಲ್ಲಿ. ಮರಾಠಿಯಲ್ಲಿ ಪಂಚವೀಸ್, ಐದು ಮೊದಲು. ನಲವತ್ತೊಂಬತ್ತಕ್ಕೆ ಏಕೋಣಪನ್ನಾಸ್, ಅಂದ್ರೆ ಐವತ್ತಕ್ಕೆ ಒಂದು ಕಮ್ಮಿ. ಬಾಯಿ ಕ್ಲಾಸಲ್ಲಿ ಪಂಚವೀಸ್ ಅಂದ್ರೆ (ಅಲ್ಲಿ ಟೀಚರನ್ನ ಬಾಯಿ ಅಂತಾರೆ) ನಮ್ಮ ಹುಡುಗಿ ಕಿವಿಗೆ ಮೊದಲು ಬಿದ್ದ ಐದನ್ನ ಬರೆದು ಆಮೇಲೆ ಎರಡು ಬರೀತಾಳೆ. 52 ಆಯ್ತು.

ಇದು ಮರಾಠಿ ಮಕ್ಕಳಿಗೂ ಕಷ್ಟ ಅಂತ ಬಾಲಭಾರತಿಯವರಿಗೇ ಗೊತ್ತಿತ್ತು. ಬಾಲಭಾರತಿ ಅಂದ್ರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ನಮ್ಮ ಸೇನಾಪತಿ ಬಾಪಟ್ ರಸ್ತೆಯಲ್ಲೇ ಇದೆ. 2019ರಲ್ಲಿ ಎರಡನೇ ತರಗತಿ ಗಣಿತ ಪುಸ್ತಕದಲ್ಲಿ ಪಂಚವೀಸ್ ಅನ್ನೋದನ್ನ "ವೀಸ್ ಪಾಚ್" ಅಂತ ಓದೋ ಕ್ರಮ ತಂದರು. ಗಣಿತ ಸಮಿತಿಯ ಅಧ್ಯಕ್ಷೆ ಪುಣೆಯ ಗಣಿತಜ್ಞೆ ಮಂಗಳಾ ನಾರಳೀಕರ್. ಭಾಷೆ ಹಾಳಾಯ್ತು ಅಂತ ವಿಧಾನಸಭೆವರೆಗೂ ಗದ್ದಲ ಹೋಯ್ತು, ತಮಾಷೆ ಮಾಡಿದರು. ಅಷ್ಟೆಲ್ಲ ರಂಪ ಆಗಿದ್ದು ಯಾವ ಕ್ರಮಕ್ಕೆ ಅಂದ್ರೆ, ಕನ್ನಡದ ಮಕ್ಕಳು ತೊಟ್ಟಿಲಿಂದ ಕೇಳ್ಕೊಂಡು ಬಂದ ಕ್ರಮಕ್ಕೆ!

ಈಗ ಅಂಕಿಅಂಶಕ್ಕೆ ಬರೋಣ. ಗ್ರಾಮೀಣ ಭಾರತದ ಅಸರ್ 2024 ವರದಿ ಪ್ರಕಾರ ಸರ್ಕಾರಿ ಶಾಲೆಯ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿ ಪಾಠ ಓದಬಲ್ಲವರು ಶೇಕಡಾ 23.4. 2022ರಲ್ಲಿ 16.3 ಇತ್ತು. ಇಂಥ ಸಂಖ್ಯೆ ನೋಡಿದ ತಕ್ಷಣ "ಸರ್ಕಾರಿ ಶಾಲೆ, ಇಷ್ಟೇ" ಅಂದುಬಿಡ್ತೀವಿ. ಸೈಟ್ ಪಕ್ಕದ ಶಾಲೆಯಲ್ಲಿ ಜೂನ್‌ನಲ್ಲಿ ಸೇರಿದ ಮಕ್ಕಳೇ ಮಾರ್ಚ್‌ನಲ್ಲಿ ಇರ್ತಾರಾ? ಸ್ಲ್ಯಾಬ್ ಮುಗಿದರೆ ಅಪ್ಪ ಅಮ್ಮ ಬೇರೆ ಸೈಟ್‌ಗೆ, ದೀಪಾವಳಿಗೆ ಊರಿಗೆ ಹೋದವರು ಸಂಕ್ರಾಂತಿಗೆ ವಾಪಸ್. ಒಂದೇ ಬೆಂಚಲ್ಲಿ ಕನ್ನಡ, ಹಿಂದಿ, ತೆಲುಗು, ಲಂಬಾಣಿ. ಆ ಬಾಯಿಯನ್ನ ನಾನು ಬೈಯಲ್ಲ. ಅವರ ಜಾಗದಲ್ಲಿ ನಾನಿದ್ದಿದ್ರೆ ಒಂದು ವಾರ ತಡೀತಿರಲಿಲ್ಲ.

ಹಾಗಾದ್ರೆ ಕನ್ನಡ ಶಾಲೆಗೇ ಹಾಕಿ ಅಂತೀರಿ. ಸಂವಿಧಾನದ 350ಎ ವಿಧಿಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಂತಲೇ ಹೇಳುತ್ತೆ. ಜತ್ತ, ಅಕ್ಕಲಕೋಟೆ ಕಡೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಣೆಯಲ್ಲೂ ಎರಂಡವಣೆಯಲ್ಲಿ ಕನ್ನಡ ಸಂಘದ ಶಾಲೆ ಇದೆ. ಹಿಂಜವಡಿಯಿಂದ ಅಲ್ಲಿಗೆ ಆ ಟ್ರಾಫಿಕ್‌ನಲ್ಲಿ ಗಾರೆ ಕೆಲಸದವರ ಮಗು ದಿನಾ ಹೇಗೆ ಹೋಗಬೇಕು? ಜೊತೆಗೆ, ಇಲ್ಲೇ ಬದುಕೋ ಮಗುವಿಗೆ ಮರಾಠಿ ಬೇಕೇ ಬೇಕು. ನನ್ನ ಪ್ರಕಾರ ಬೇಕಿರೋದು ಒಂದು ವರ್ಷದ ಸೇತುವೆ, ಅಷ್ಟೇ.

ಅದಕ್ಕೆ ಸಾಮಾನು ಸಿದ್ಧವಾಗೇ ಇದೆ. ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಮಾಡುತ್ತೆ, ಪಿಡಿಎಫ್ ಪುಕ್ಕಟೆ. ಅದೇ ಸಿಲಬಸ್. ಕನ್ನಡದ್ದು, ಮರಾಠಿಯದ್ದು ಎರಡೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟೆವು. ಅಂಕಿ ಗೊಂದಲ ಎರಡು ಶನಿವಾರಕ್ಕೆ ಹೋಯ್ತು. ಪಂಚವೀಸ್‌ಗೆ ಎರಡು ತಿಂಗಳು ಹಿಡೀತು.

ಕಾನೂನೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಶಾಲೆ ಸೇರದ, ಇಲ್ಲವೇ ನಡುವೆ ಬಿಟ್ಟ ಮಗುವನ್ನೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದಿದ್ದರೆ ವಿಶೇಷ ತರಬೇತಿ ಕೊಡಬೇಕು. 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯ್ತು ಅಂತ ಪ್ರವೇಶ ನಿರಾಕರಿಸೋ ಹಾಗಿಲ್ಲ. ಸೈಟ್‌ನಲ್ಲಿ ಯಾವ ತಂದೆಗೂ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆ ಹುಡುಗಿಗೋಸ್ಕರ ಓದಿದ್ದು.

ಜನವರಿಯಲ್ಲಿ ಆ ಟವರ್ ಮುಗೀತು. ಅವರು ಊರಿನ ಆಚೆ ಮಗ್ಗುಲು, ವಾಘೋಲಿ ಕಡೆ ಹೋದರು. ಒಂದು ದಿನ ಆಫೀಸಲ್ಲಿ ಮೀಟಿಂಗ್ ಮಧ್ಯೆ ಅವಳಪ್ಪ ಫೋನ್ ಮಾಡಿದ: "ಸಾಹೇಬ್ರ, ಟಿಸಿ ಇಲ್ಲ ಅಂದ್ರ ತಗೋಳಂಗಿಲ್ಲ ಅಂತಾರ್ರಿ." ಹೆಡ್‌ಮಾಸ್ಟರ್ ಕೈಗೆ ಫೋನ್ ಕೊಡು ಅಂದೆ. ನನ್ನ ಹರಕುಮುರುಕು ಮರಾಠಿಯಲ್ಲಿ 5ನೇ ಸೆಕ್ಷನ್ ಹೇಳಿದೆ. ಪಾಪ, ಸಮಾಧಾನವಾಗಿ ಕೇಳಿ ಒಪ್ಪಿಕೊಂಡರು. ಯಾವ ಕ್ಲಾಸಿಗೆ ಹಾಕ್ತೀರಿ ಅಂದೆ. "ಮೊದಲು ಒಂದು ಪರೀಕ್ಷೆ ಕೊಟ್ಟು ನೋಡ್ತೀವಿ" ಅಂದರು. ಸರ್, ಅಂಕಿಗಳನ್ನ ಮಾತ್ರ ಒಂದ್ಸಲ ಓದಿಸಿ, ಆಮೇಲೆ ಲೆಕ್ಕ ಕೊಡಿ ಅಂತ ಕೇಳಿಕೊಂಡೆ.