ಪತ್ತೇದಾರಿ ಕಾದಂಬರಿಯಲ್ಲಿ ಇಂದಿನ ಮಾಟಗಾತಿ

ಇಂಗ್ಲಿಷ್ ಪತ್ತೇದಾರಿ ಸಾಹಿತ್ಯದಲ್ಲಿ ಮಾಟಗಾತಿ ಬಹುಕಾಲ ಶಂಕಿತಳಾಗಿಯೇ ಕಾಣಿಸಿಕೊಂಡಳು. ಊರಿನಲ್ಲೊಂದು ಸಾವಾಗುತ್ತದೆ, ಒಂಟಿ ಹೆಂಗಸೊಬ್ಬಳ ಕಡೆಗೆ ಎಲ್ಲರ ಬೆರಳು ತಿರುಗುತ್ತದೆ, ಕೊನೆಯ ಅಧ್ಯಾಯದಲ್ಲಿ ಕೊಲೆಗಾರ ಬೇರೆಯವನೆಂದು ತಿಳಿಯುತ್ತದೆ. ಮಾಟಗಾರಿಕೆಯೇ ತನ್ನ ಧರ್ಮವೆಂದು ಹೇಳಿಕೊಂಡು, ಬೆಳಗಾದರೆ ಕೆಲಸಕ್ಕೆ ಹೋಗಿ, ತಿಂಗಳಾದರೆ ಬಾಡಿಗೆ ಕಟ್ಟುವ ಹೆಣ್ಣು ಈ ಪ್ರಕಾರದೊಳಗೆ ಬಂದದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ.

ಅಂಥವಳು ಮೊದಲು ಬದುಕಿನಲ್ಲಿ ಇರಬೇಕಾಗಿತ್ತು. ಬ್ರಿಟನ್ನಿನ 1735ರ ಮಾಟಗಾರಿಕೆ ಕಾಯ್ದೆ ಮಾಟಕ್ಕೆ ಶಕ್ತಿಯಿದೆ ಎಂದು ಒಪ್ಪಲಿಲ್ಲ. ಶಕ್ತಿಯಿದೆಯೆಂದು ನಟಿಸುವವರನ್ನು ವಂಚಕರೆಂದು ಶಿಕ್ಷಿಸಿತು. ಅದೇ ಕಾಯ್ದೆಯಡಿ 1944ರಲ್ಲೂ ಹೆಲೆನ್ ಡಂಕನ್ ಎಂಬ ಪ್ರೇತಮಾಧ್ಯಮಿ ಜೈಲು ಸೇರಿದಳು. ಮಲಯದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾದ ಜೆರಾಲ್ಡ್ ಗಾರ್ಡ್ನರ್ 1949ರಲ್ಲಿ ಮಾಟಗಾರಿಕೆಯ ಆಚರಣೆಗಳನ್ನು ಗುಪ್ತನಾಮದಲ್ಲಿ, ಕಾದಂಬರಿಯ ವೇಷದಲ್ಲಿ ಹೊರತಂದ. ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಅವನ 'ವಿಚ್‌ಕ್ರಾಫ್ಟ್ ಟುಡೇ' ನೇರ ನಿರೂಪಣೆಯಾಗಿಯೇ ಪ್ರಕಟವಾಯಿತು. ವಿಕ್ಕಾ ಎಂದು ಹೆಸರಾದ ಪಂಥ ಹರಡಿದ್ದು ಇಲ್ಲಿಂದ: ದೇವ ಮತ್ತು ದೇವಿಯರ ಆರಾಧನೆ, ವರ್ಷಕ್ಕೆ ಎಂಟು ಹಬ್ಬ, 'ಕೋವೆನ್' ಎಂಬ ಸಣ್ಣ ಕೂಟ, ದೀಕ್ಷೆ, ಪ್ರತಿಯೊಬ್ಬರೂ ಕೈಯಾರೆ ಬರೆದುಕೊಳ್ಳುವ ಆಚರಣೆಯ ಪುಸ್ತಕ, ಯಾರಿಗೂ ಕೇಡು ಮಾಡಬಾರದೆಂಬ ನಿಯಮ.

ಅಗಾಥಾ ಕ್ರಿಸ್ಟಿಯ 'ದಿ ಪೇಲ್ ಹಾರ್ಸ್' (1961) ಈ ಬದಲಾವಣೆಯ ಹೊಸ್ತಿಲಲ್ಲಿ ನಿಂತಿರುವ ಕಾದಂಬರಿ. ಹಿಂದೆ ಪಾನಗೃಹವಾಗಿದ್ದ ಮನೆಯಲ್ಲಿ ಮೂವರು ಹೆಂಗಸರಿದ್ದಾರೆ. ದೂರದಲ್ಲಿರುವವರನ್ನು ಮಂತ್ರಶಕ್ತಿಯಿಂದ ಕೊಲ್ಲಬಲ್ಲರೆಂಬ ಮಾತು ಹಬ್ಬಿದೆ. ಬಿಳಿ ಹುಂಜದ ಬಲಿ, ವಿದ್ಯುತ್ ಯಂತ್ರ ಎರಡೂ ಒಂದೇ ಕೋಣೆಯಲ್ಲಿವೆ. ಕೊಂದದ್ದು ಮಾತ್ರ ಥ್ಯಾಲಿಯಂ ವಿಷ. ಸತ್ತವರ ತಲೆಗೂದಲು ಉದುರಿದ್ದೇ ಅದರ ಸುಳಿವು. ಮೊದಲ ಮಹಾಯುದ್ಧದ ಕಾಲದಲ್ಲಿ ಔಷಧಾಲಯದಲ್ಲಿ ದುಡಿದಿದ್ದ ಕ್ರಿಸ್ಟಿಗೆ ವಿಷಗಳ ಬಗ್ಗೆ ಇದ್ದ ತಿಳಿವಳಿಕೆ ಮೆಚ್ಚತಕ್ಕದ್ದು. ಆದರೆ ಆ ಮೂವರ ನಂಬಿಕೆಯ ಬಗ್ಗೆ ಅಷ್ಟು ಕುತೂಹಲ ಆಕೆಗಿಲ್ಲ. ಮಂತ್ರ ಅಲ್ಲಿ ಅಪರಾಧವನ್ನು ಮರೆಮಾಚುವ ಪರದೆ.

ಅಮೆರಿಕದಲ್ಲಿ ಅಂಥ ಪಾತ್ರಕ್ಕೆ ನೆಲ ಹದವಾದದ್ದು 1979ರಲ್ಲಿ. ಆಧುನಿಕ ಮಾಟಗಾರಿಕೆಯನ್ನು ಕುರಿತ ಎರಡು ಪುಸ್ತಕಗಳಾದ ಸ್ಟಾರ್‌ಹಾಕ್‌ಳ 'ದಿ ಸ್ಪೈರಲ್ ಡ್ಯಾನ್ಸ್' ಮತ್ತು ಪತ್ರಕರ್ತೆ ಮಾರ್ಗೊ ಆಡ್ಲರ್‌ಳ 'ಡ್ರಾಯಿಂಗ್ ಡೌನ್ ದಿ ಮೂನ್' ಆ ವರ್ಷವೇ ಬಂದವು. ಆಡ್ಲರ್ ಮಾಟಗಾರಿಕೆಯನ್ನು ಧರ್ಮವಾಗಿ ಆಚರಿಸುವವರನ್ನು ಭೇಟಿಯಾಗಿ, ಅವರ ಮಾತನ್ನು ಕೇಳಿ ಬರೆದಳು. ಆಮೇಲಿನ ದಶಕದಲ್ಲಿ ಕಾದಂಬರಿಗಾರ್ತಿ ಮರ್ಸಿಡಿಸ್ ಲ್ಯಾಕಿಯ ಮಾಟಗಾತಿ ನಾಯಕಿ ಡಯಾನಾ ಟ್ರೆಗಾರ್ಡ್ ಬಂದಳು. ಅವಳು ಹೊಟ್ಟೆಪಾಡಿಗೆ ಪ್ರಣಯ ಕಾದಂಬರಿ ಬರೆಯುವವಳು, ಆದರೂ ಎದುರಿಸುವುದು ನಿಜವಾದ ಅತಿಮಾನುಷ ಶಕ್ತಿಗಳನ್ನು.

ಈ ಸಾಲಿನಲ್ಲಿ ಹೆಚ್ಚು ಗಮನ ಬೇಡುವುದು ರೋಸ್‌ಮೇರಿ ಎಡ್ಗಿಲ್‌ಳ ಮೂರು ಕಾದಂಬರಿಗಳು: 'ಸ್ಪೀಕ್ ಡ್ಯಾಗರ್ಸ್ ಟು ಹರ್' (1994), 'ಬುಕ್ ಆಫ್ ಮೂನ್ಸ್' (1995), 'ದಿ ಬೌಲ್ ಆಫ್ ನೈಟ್' (1996). ನಾಯಕಿ ಕ್ಯಾರೆನ್ ಹೈಟವರ್ ನ್ಯೂಯಾರ್ಕಿನ ಗ್ರಾಫಿಕ್ ವಿನ್ಯಾಸಕಿ. ಕೂಟದಲ್ಲಿ ಅವಳ ಹೆಸರು ಬ್ಯಾಸ್ಟ್. ಅವಳಿಗೆ ಅಪರಾಧಿಯನ್ನು ತೋರಿಸಿಕೊಡುವ ದಿವ್ಯದೃಷ್ಟಿಯಿಲ್ಲ. ಅವಳಿಗಿರುವುದು ಪರಿಚಯದ ಬಲ: ಯಾರು ಯಾವ ಕೂಟದಿಂದ ಮುನಿಸಿಕೊಂಡು ಹೊರಬಂದರು, ಯಾರ ಜ್ಞಾನ ಬರೀ ಬಡಾಯಿ, ಯಾರನ್ನು ನಂಬಬಾರದು ಎಂಬುದು ಅವಳಿಗೆ ಗೊತ್ತು. ಎರಡನೆಯ ಕಾದಂಬರಿಯಲ್ಲಿ ಕಳುವಾಗುವುದು ಆಚರಣೆಯ ಪುಸ್ತಕಗಳೇ. ಪೇಟೆಯಲ್ಲಿ ಬೆಲೆಯಿಲ್ಲದ ಕೈಬರಹಕ್ಕೆ ಒಂದು ಸಮುದಾಯದೊಳಗೆ ಎಷ್ಟು ಬೆಲೆ ಎಂಬುದು ಓದುಗನಿಗೆ ಅರ್ಥವಾಗದೆ ಅಪರಾಧದ ಉದ್ದೇಶ ಅರ್ಥವಾಗದು. ಪಂಥದ ವಿವರವೇ ಇಲ್ಲಿ ಸುಳಿವು. ಮೂರನೆಯದರಲ್ಲಿ ವಿಕ್ಕಾದಂಥ ಪೇಗನ್ ಪಂಥಗಳವರ ಉತ್ಸವದ ತಾಣದಲ್ಲಿ ಕ್ರೈಸ್ತ ಪಾದ್ರಿಯೊಬ್ಬನ ಶವ ಸಿಗುತ್ತದೆ. ಹೊರಗಿನವರ ಅನುಮಾನಕ್ಕೂ ಒಳಗಿನವರ ಮೌನಕ್ಕೂ ನಡುವೆ ಬ್ಯಾಸ್ಟ್ ಸಿಕ್ಕಿಕೊಳ್ಳುತ್ತಾಳೆ, ತನ್ನವರೂ ಕೊಲ್ಲಬಲ್ಲರೆಂಬ ಸತ್ಯಕ್ಕೆ ಬೆನ್ನು ತಿರುಗಿಸುವುದಿಲ್ಲ. ಮಾಟಗಾತಿಯರೆಲ್ಲ ಒಳ್ಳೆಯವರೆಂದು ಹೊಗಳುವ ಪುಸ್ತಕಗಳಿಗಿಂತ ಇದು ಅವರಿಗೆ ಸಲ್ಲಿಸಿದ ದೊಡ್ಡ ಗೌರವ.

ಈ ಬಗೆಯ ವಾಸ್ತವತೆಗೆ ಪತ್ತೇದಾರಿ ಕಥೆಯ ಕಟ್ಟುಪಾಡೇ ನೆರವಾಗಿದೆ. ಓದುಗನಿಗೆ ಸಿಗದ ಸುಳಿವಿನಿಂದ ಒಗಟು ಬಿಡಿಸುವಂತಿಲ್ಲ. ಮಂತ್ರ ಉತ್ತರ ಕೊಡುವಂತಿಲ್ಲವಾದ್ದರಿಂದ ಮಾಟಗಾತಿಯೂ ಬೀದಿ ಅಲೆದು, ಜನರನ್ನು ಮಾತಾಡಿಸಿ, ತಪ್ಪಿ, ಮತ್ತೆ ಯೋಚಿಸಬೇಕು. ಅವಳ ಪೂಜೆ ಫಲಿಸಿತೇ ಇಲ್ಲವೇ ಎಂಬುದನ್ನು ಓದುಗನ ವಿವೇಚನೆಗೆ ಬಿಡಬಹುದು.

ಬ್ರಿಟನ್ನಿನಲ್ಲಿ ಫಿಲ್ ರಿಕ್‌ಮನ್ ಈ ಅನಿಶ್ಚಯವನ್ನು ಇನ್ನಷ್ಟು ಚೆನ್ನಾಗಿ ದುಡಿಸಿಕೊಂಡ. 'ಎ ಕ್ರೌನ್ ಆಫ್ ಲೈಟ್ಸ್' (2001) ಕಾದಂಬರಿಯಲ್ಲಿ ಪೇಗನ್ ದಂಪತಿ ವೇಲ್ಸ್ ಗಡಿಯ ರ‍್ಯಾಡ್ನರ್ ಸೀಮೆಯಲ್ಲಿ ಪಾಳುಬಿದ್ದ ಚರ್ಚಿರುವ ಜಮೀನು ಕೊಳ್ಳುತ್ತಾರೆ. ಅವರನ್ನು ಓಡಿಸಲು ಹೊರಟ ಪಾದ್ರಿ, ಸುದ್ದಿಗಾಗಿ ಹಸಿದ ಮಾಧ್ಯಮ, ಬೆಂಬಲದ ಹೆಸರಿನಲ್ಲಿ ಮನೆಗೆ ನುಗ್ಗುವ ಸ್ವಪಂಥೀಯರು: ಎಲ್ಲ ಕಡೆಯಿಂದಲೂ ಒತ್ತಡ. ಶೋಧಕಿ ಮೆರಿಲಿ ವಾಟ್ಕಿನ್ಸ್ ಸ್ವತಃ ಆಂಗ್ಲಿಕನ್ ಪಾದ್ರಿಣಿ. ಬೇರೆ ಧರ್ಮದವರ ಭಯವನ್ನು ಅವಳು ತನ್ನ ಸಂದೇಹಗಳ ಮೂಲಕವೇ ಅರಿಯುತ್ತಾಳೆ.

ಮುಂದೆ ಬಂದ ಹಗುರ ಪತ್ತೇದಾರಿ ಸರಣಿಗಳು ಬೇರೆ ದಾರಿ ಹಿಡಿದವು. ಜೂಲಿಯೆಟ್ ಬ್ಲ್ಯಾಕ್‌ವೆಲ್‌ಳ 'ಸೆಕೆಂಡ್‌ಹ್ಯಾಂಡ್ ಸ್ಪಿರಿಟ್ಸ್' (2009) ನಾಯಕಿ ಲಿಲಿ ಐವರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೆಯ ಉಡುಪುಗಳ ಅಂಗಡಿ ನಡೆಸುತ್ತಾಳೆ. ಅವಳ ಶಕ್ತಿ ಹುಟ್ಟಿನಿಂದ ಬಂದದ್ದು, ನಿಜಕ್ಕೂ ಕೆಲಸ ಮಾಡುವಂಥದ್ದು. ಅಂಗಡಿ, ಬೀದಿ, ಗಿರಾಕಿಗಳ ಚಿತ್ರಣ ನಂಬುವಂತಿದೆ. ಆದರೆ ಕಲಿತು, ದೀಕ್ಷೆ ಪಡೆದು, ಆಗಾಗ ಸಂಶಯಪಟ್ಟು ಒಂದು ಧರ್ಮವನ್ನು ಬದುಕುವ ಬ್ಯಾಸ್ಟ್‌ಳಂಥ ಹೆಣ್ಣಿಗೆ ಈ ಸರಣಿಯಲ್ಲಿ ಸಿಗುವ ಜಾಗ ಚಿಕ್ಕದು.