ಒಂದು ಓಟಿನ ಆಚೆ ಈಚೆ

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದಂದು ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಹಕಾರ ತತ್ವದ ಬಗ್ಗೆ ಇದುವರೆಗೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದವನು, ತತ್ವ ಬಿಟ್ಟು ನಮ್ಮ ಜಿಲ್ಲೆಯದೇ ಒಂದು ಎಲೆಕ್ಷನ್ ವಿಚಾರ ಹೇಳ್ತೀನಿ.

2004ರಲ್ಲಿ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಓಟು ಬಂತು. ಜನತಾದಳ (ಎಸ್)ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು! ಕೃಷ್ಣಮೂರ್ತಿಯವರು ಹಿರಿಯ ಮುಖಂಡ ಬಿ. ರಾಚಯ್ಯನವರ ಮಗ. ಅವರ ಡ್ರೈವರೇ ಅವತ್ತು ಓಟು ಹಾಕಿರಲಿಲ್ಲ ಅಂತ ಪತ್ರಿಕೆಗಳಲ್ಲೂ ಬಂತು. ಪ್ರತಿ ಚುನಾವಣೆ ಬಂದಾಗ ಈ ಡ್ರೈವರ್ ಕತೆ ಹೇಳಿ ಎಲ್ಲರೂ ನಕ್ಕು ಸುಮ್ಮನಾಗ್ತಾರೆ. ನನಗೆ ಮುಖ್ಯ ಅನ್ನಿಸೋದು ಆಮೇಲೆ ನಡೆದದ್ದು.

ಒಂದು ಓಟಿನಿಂದ ಗೆದ್ದವರು ತಮಗೆ ಬೇಡ ಅಂದ ನಲವತ್ತು ಸಾವಿರ ಜನಕ್ಕೂ ಶಾಸಕರೇ ಅಲ್ಲವೇ? ಧ್ರುವನಾರಾಯಣ ಆ ಲೆಕ್ಕ ಮರೆತವರಂತೆ ನಡೆದುಕೊಳ್ಳಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲವಾಯ್ತು. 2008ರಲ್ಲಿ ಕೊಳ್ಳೇಗಾಲಕ್ಕೆ ಹೋಗಿ ಗೆದ್ದರು. ಮರುವರ್ಷ ಲೋಕಸಭೆಗೆ ನಿಂತಾಗ ಎದುರಾಳಿ ಅದೇ ಕೃಷ್ಣಮೂರ್ತಿ, ಈ ಸಲ ಬಿಜೆಪಿಯಿಂದ. ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿದ ಅಷ್ಟು ದೊಡ್ಡ ಕ್ಷೇತ್ರದಲ್ಲಿ ಅಂತರ ಬರೀ 4,002. 2014ರಲ್ಲಿ ಮತ್ತೆ ಅವರಿಬ್ಬರೇ. ಆಗ ಮಾತ್ರ 1,41,182 ಓಟಿನ ಗೆಲುವು. ಇನ್ನು ಭದ್ರವಾಯ್ತು ಅನ್ನೋ ಹೊತ್ತಿಗೆ 2019ರಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರ ಎದುರು 1,817 ಓಟಿನಿಂದ ಸೋತರು. ಒಂದರಿಂದ ಗೆದ್ದವರು ಲಕ್ಷ ದಾಟಿ, ಮತ್ತೆ ಕೂದಲೆಳೆಗೇ ಬಂದು ನಿಂತರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಮಗ ದರ್ಶನ್ ಆ ವರ್ಷ ನಂಜನಗೂಡಿನಿಂದ ಶಾಸಕರಾದರು.

ಕೃಷ್ಣಮೂರ್ತಿಯವರ ವಿಚಾರ? 2018ರಲ್ಲಿ ಕಾಂಗ್ರೆಸ್ಸಿನಿಂದ ಕೊಳ್ಳೇಗಾಲದಲ್ಲಿ ನಿಂತು ಸೋತರು. ಮೂರು ಪಕ್ಷ ತಿರುಗಿದರು ಅಂತ ಟೀಕೆ ಮಾಡೋರು ಇದ್ದಾರೆ, ಮಾಡಲಿ. ಆದರೆ ಒಂದು ಓಟಿನ ನೋವು ತಿಂದ ಮನುಷ್ಯ ಮನೆ ಸೇರಿಕೊಳ್ಳಲಿಲ್ಲ. 2023ರಲ್ಲಿ ಅದೇ ಕೊಳ್ಳೇಗಾಲದಲ್ಲಿ 59,519 ಓಟಿನ ಅಂತರದಿಂದ ಗೆದ್ದರು. ನಡುವೆ ಹತ್ತೊಂಬತ್ತು ವರ್ಷ.

ಈಗ ನಮ್ಮ ಮನೆ ವಿಚಾರ. ಕಳೆದ ಸಲ ಸಂಘದ ಚುನಾವಣೆಯಲ್ಲಿ ನಾನು ಗೆದ್ದದ್ದು ಮೂರು ಓಟಿನಿಂದ. ಎದುರಿಗೆ ನಿಂತಿದ್ದ ಅಣ್ಣ ಮರುದಿನದಿಂದ ಡೇರಿ ಮೆಟ್ಟಿಲು ಹತ್ತಲಿಲ್ಲ. ಅವರ ಕಡೆಯ ಹತ್ತಾರು ಮನೆಯ ಕ್ಯಾನು ಖಾಸಗಿಯವರ ಗಾಡಿ ಹತ್ತಿತು. ಚುನಾವಣೆ ಮುಗಿದು ಒಂದೂವರೆ ವರ್ಷ ಆಯ್ತು. ಹಸು ಏನು ಪಾಪ ಮಾಡಿತ್ತು? ಹಾಲು ಕಡಿಮೆಯಾದ್ರೆ ಲಾಭ ಕಡಿಮೆ, ಬೋನಸ್ ಕಡಿಮೆ. ಅದು ನನ್ನೊಬ್ಬನ ಜೇಬಿನಿಂದ ಹೋಗೋದಲ್ಲ. ಗೆದ್ದ ನಮ್ಮವರು ಕೆಲವರು ಅವರ ಬೀದಿಗೆ ಹೋಗೋದನ್ನೇ ಬಿಟ್ಟಿದ್ದಾರೆ, ಅದೂ ಸರಿಯಲ್ಲ.

ಆ ಅಣ್ಣ ಇವತ್ತು ಸಭೆಗೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಾರೆ. ಅಣ್ಣಾ, ಮುಂದಿನ ಚುನಾವಣೆಗೆ ಖಂಡಿತ ನಿಲ್ಲಿ, ನಾನೂ ನಿಲ್ತೀನಿ. ಅಲ್ಲಿಯವರೆಗೆ ಹಾಲು ಮಾತ್ರ ಇಲ್ಲಿಗೇ ಬರಲಿ. ಸಾಲ ಬಾಕಿ ಇರೋರು ಕಟ್ಟಿಬಿಡಿ, ಸುಸ್ತಿದಾರರಿಗೆ ಓಟಿಲ್ಲ ಅನ್ನೋದು ಎರಡೂ ಕಡೆಯವರಿಗೆ ಗೊತ್ತಿರಲಿ.

ಕಾರ್ಯದರ್ಶಿಗಳು ಬೋನಸ್ ಪಟ್ಟಿ ಹಿಡಿದು ಕಾಯ್ತಾ ಇದ್ದಾರೆ.