ಪುಟ್ಟ ಗುರಾಬು, ದೊಡ್ಡ ಗಾಳಿ

ಗುರಾಬು ಎಂಬ ಹಾಯಿ ಹಡಗಿನ ಮೂತಿಗೆ ಬದಿಗೋಡೆಯೇ ಇರಲಿಲ್ಲ. ಉಳಿದ ಭಾಗಕ್ಕೆಲ್ಲ ಎರಡೂ ಕಡೆ ಗಟ್ಟಿ ಹಲಗೆಯ ಗೋಡೆ. ಮುಂದಕ್ಕೆ ಚಾಚಿದ ಚೂಪು ಮೂತಿ ಮಾತ್ರ ಬೋಳು. ಯುದ್ಧದ ಹಡಗಿಗೆ ಹೀಗೇಕೆ ಮಾಡಿದರು? ಕಟ್ಟಿದವರು ಮರೆತದ್ದಲ್ಲ ಮಕ್ಕಳೇ, ಬೇಕೆಂದೇ ಹಾಗೆ ಬಿಟ್ಟದ್ದು.

ಎದುರಿನಿಂದ ಅಲೆ ಬಂದರೆ ಗುರಾಬು ಮೂತಿ ಅದ್ದಿ ಅದ್ದಿ ಏಳುತ್ತಿತ್ತು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ತುಸು ಹೆಚ್ಚೇ ತೂಗುತ್ತದೆ. ಗೋಡೆ ಇದ್ದಿದ್ದರೆ ಆ ನೀರು ಮೂತಿಯ ಮೇಲೇ ನಿಂತು ಹಡಗನ್ನು ಇನ್ನಷ್ಟು ಕೆಳಕ್ಕೆ ಒತ್ತುತ್ತಿತ್ತು. ಗೋಡೆ ಇಲ್ಲ, ಆದ್ದರಿಂದ ಬಂದ ನೀರು ಹಾಗೇ ಹರಿದುಹೋಗುತ್ತದೆ. ಇನ್ನೊಂದು ಲಾಭವೂ ಇತ್ತು. ಮೂತಿಯ ಹಿಂದೆ ಒಂದು ಅಡ್ಡಗೋಡೆ, ಅದರಲ್ಲಿ ಕಿಂಡಿಗಳು, ಕಿಂಡಿಗಳ ಹಿಂದೆ ಎರಡು ಫಿರಂಗಿ. ಅವು 9 ಅಥವಾ 12 ಪೌಂಡ್ ತೂಕದ ಗುಂಡನ್ನು ಆ ಬೋಳು ಮೂತಿಯ ಮೇಲಿಂದಲೇ ನೇರ ಮುಂದಕ್ಕೆ ಹಾರಿಸುತ್ತಿದ್ದವು. ಈ ವಿವರಗಳನ್ನೆಲ್ಲ 18ನೇ ಶತಮಾನದ ಇತಿಹಾಸಕಾರ ರಾಬರ್ಟ್ ಓರ್ಮ್ ಬರೆದಿಟ್ಟಿದ್ದಾನೆ.

ಗುರಾಬುಗಳು, ಅವುಗಳ ಜೊತೆಯ ಚಿಕ್ಕ ಗಲ್ಬತ್‌ಗಳು ಮರಾಠರ ನೌಕಾಪಡೆಯವು. 1665ರ ಫೆಬ್ರವರಿಯಲ್ಲಿ ಶಿವಾಜಿ ಮಾಲವಣದಿಂದ ಸಮುದ್ರದ ದಾರಿಯಲ್ಲಿ ನಮ್ಮ ಉಡುಪಿ ಜಿಲ್ಲೆಯ ಬಸ್ರೂರಿಗೆ ಬಂದದ್ದು ಇಂಥದೊಂದು ಪಡೆಯೊಂದಿಗೆ. ಬಸ್ರೂರು ಕಡಲ ತಡಿಯಲ್ಲಿಲ್ಲ, ಒಳಗೆ ವಾರಾಹಿ ನದಿಯ ದಂಡೆಯಲ್ಲಿದೆ. ನಮ್ಮ ಅಳಿವೆಗಳಲ್ಲಿ ಮರಳು ದಿಬ್ಬ ಕಟ್ಟುತ್ತದೆಂದು ಮಲ್ಪೆ, ಗಂಗೊಳ್ಳಿಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಅಡಿ ಆಳವಾದ ಹಡಗು ಅಲ್ಲಿ ಮರಳಿಗೆ ಕಚ್ಚಿಕೊಳ್ಳುತ್ತದೆ. ಗುರಾಬು ಅಗಲವಾಗಿ, ಕಡಿಮೆ ನೀರಿನಲ್ಲೂ ತೇಲುವಂತೆ ಇರುತ್ತಿದ್ದುದು ಇಂಥ ಕರಾವಳಿಗೆ ಹೇಳಿ ಮಾಡಿಸಿದ ಗುಣ.

ಇಂಥದೊಂದನ್ನು ಮರದಲ್ಲಿ ಪುಟ್ಟದಾಗಿ ಮಾಡೋಣವೇ?

ಮೊದಲು ಅಳತೆ. ಹಡಗಿನ ಮಾದರಿ ಮಾಡುವವರಿಗೆ 48ರಲ್ಲಿ ಒಂದು ಪಾಲು ಎಂಬ ಅಳತೆ ಇಷ್ಟ. ಹಡಗಿನ ಒಂದು ಅಡಿ ಮಾದರಿಯಲ್ಲಿ ಕಾಲು ಇಂಚು, ಲೆಕ್ಕ ಸುಲಭ. 80 ಅಡಿಯ ಹಡಗಾದರೆ 20 ಇಂಚಿನ ಮಾದರಿ. ಇಲ್ಲೊಂದು ಸೋಜಿಗವಿದೆ, ಕಾರ್ಕಳಕ್ಕೆ ಹೋಗಿ ಬರೋಣ. 1432ರಲ್ಲಿ ನಿಲ್ಲಿಸಿದ ಅಲ್ಲಿನ ಗೊಮ್ಮಟ 42 ಅಡಿ ಎತ್ತರ, ತೂಕ ಸುಮಾರು 80 ಟನ್ ಎನ್ನುತ್ತಾರೆ. ಅದೇ ಕಲ್ಲಿನಲ್ಲಿ 48ನೇ ಒಂದು ಅಳತೆಯ ಗೊಮ್ಮಟನನ್ನು ಕೆತ್ತಿದರೆ ಎತ್ತರ ಹತ್ತೂವರೆ ಇಂಚು. ತೂಕ? 80 ಟನ್ನನ್ನು 48ರಿಂದ ಭಾಗಿಸಿದರೆ ಸಾಲದು. ಎತ್ತರ, ಅಗಲ, ದಪ್ಪ ಮೂರೂ ಕುಗ್ಗಿವೆಯಲ್ಲ, 48ರಿಂದ ಮೂರು ಸಲ ಭಾಗಿಸಬೇಕು. ಮುಕ್ಕಾಲು ಕೆ.ಜಿ.ಯೂ ಬರುವುದಿಲ್ಲ! ಇದನ್ನು ನೆನಪಿಡಿ, ಮುಂದೆ ನಮ್ಮ ಹಡಗನ್ನು ಮಗುಚುವುದು ಇದೇ ಲೆಕ್ಕ.

ಇನ್ನು ಮರ. ಹಡಗಿಗೆ ಸಾಗುವಾನಿಯೇ ಸರಿ ಎಂದು ದೊಡ್ಡವರು ಹೇಳಬಹುದು. ನಿಜದ ಹಡಗಿಗೆ ಹೌದು. ಮಲಬಾರಿನ ಸಾಗುವಾನಿಯಿಂದ ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ಇವತ್ತಿಗೂ ತೇಲುತ್ತಿದೆ. ಆದರೆ ಮಾದರಿಗೆ ಸಾಗುವಾನಿ ಬೇಡ. ಅದರ ಹಲಗೆಯನ್ನು ಅಡ್ಡಕ್ಕೆ ಕೊಯ್ದು ನೋಡಿ, ಕಣ್ಣಿಗೇ ಕಾಣುವ ಸಣ್ಣ ಸಣ್ಣ ರಂಧ್ರಗಳಿವೆ. ಮರ ಬೇರಿನಿಂದ ನೀರು ಏರಿಸಿದ ಕೊಳವೆಗಳು ಅವು. ನಾವು ಹಡಗನ್ನು ಕುಗ್ಗಿಸಿದೆವು, ರಂಧ್ರಗಳನ್ನು ಕುಗ್ಗಿಸಲಾಗಲಿಲ್ಲ. 48 ಪಟ್ಟು ಹಿಗ್ಗಿಸಿ ನೋಡಿದರೆ ಕಿರುಬೆರಳು ತೂರುವಷ್ಟು ದೊಡ್ಡ ತೂತುಗಳಿರುವ ಹಡಗಾಯಿತು! ಅದಕ್ಕೇ ಒತ್ತಾದ ನುಣುಪು ಮರ ಬೇಕು. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರ ಅಂಥದು. ಹಗ್ಗಕ್ಕೆ ನೂಲು ಬಳಸಿದಾಗಲೂ ಇದೇ ಕಷ್ಟ. ನೂಲಿನ ಮೇಲಿನ ನವಿರು ಎಳೆಗಳು ಮಾದರಿಯಲ್ಲಿ ಪೊದೆಗಳಂತೆ ಕಾಣುತ್ತವೆ. ಸ್ವಲ್ಪ ಜೇನುಮೇಣ ಸವರಿದರೆ ಮಲಗುತ್ತವೆ.

ಅಡಿಮರ ಇಟ್ಟು, ಅದಕ್ಕೆ ಪಕ್ಕೆಲುಬುಗಳನ್ನು ನಿಲ್ಲಿಸಿ, ಮೇಲೆ ತೆಳು ಹಲಗೆ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸುತ್ತಾ ಹೋಗಬೇಕು. ಕತ್ತರಿಸುವ ಕೆಲಸಕ್ಕೆ ಮನೆಯ ದೊಡ್ಡವರು ಜೊತೆಗಿರಲಿ. ಒಣ ಪಟ್ಟಿ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ನೆನೆಸಿ, ಬಿಸಿ ಮಾಡಿದರೆ ಬಾಗುತ್ತದೆ. ಮರದ ನಾರುಗಳನ್ನು ಹಿಡಿದಿಟ್ಟಿರುವ ಲಿಗ್ನಿನ್ ಎಂಬ ವಸ್ತು ನೀರೂ ಶಾಖವೂ ಸೇರಿದಾಗ ಮೆದುವಾಗುತ್ತದೆ. ತಣಿದಾಗ ಮತ್ತೆ ಬಿಗಿಯಾಗಿ, ಬಾಗಿದ ಆಕಾರದಲ್ಲೇ ಪಟ್ಟಿಯನ್ನು ಹಿಡಿದಿಡುತ್ತದೆ. ಆದರೆ ಒದ್ದೆ ಪಟ್ಟಿಯನ್ನು ಆಗಲೇ ಅಂಟಿಸಬೇಡಿ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ಒಣಗಿದ ಮೇಲೆ ಪಟ್ಟಿ ಅಗಲದಲ್ಲಿ ಸಣ್ಣದಾಗಿ, ನಡುವೆ ಬಿರುಕು ಬಿಡುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ನಮ್ಮ ಊರಿನ ಜೂನ್ ತಿಂಗಳ ತೇವ ಒಮ್ಮೆ ಪರೀಕ್ಷೆ ಮಾಡಿಯೇ ಮಾಡುತ್ತದೆ.

ಕಂಬ ನಿಂತಿತು, ಹಾಯಿ ಏರಿತು. ಕಾಪುವಿನ ದೀಪಸ್ತಂಭದ ಬಂಡೆಗೆ ಸಂಜೆ ಬೀಸುವ ಗಾಳಿಯಲ್ಲಿ ಇದನ್ನು ನೀರಿಗೆ ಬಿಟ್ಟರೆ? ಮಗುಚಿ ಬೀಳುತ್ತದೆ.

ಗಾಳಿ ತಳ್ಳುವುದು ಹಾಯಿಯ ವಿಸ್ತೀರ್ಣವನ್ನು. ವಿಸ್ತೀರ್ಣ ಎಂದರೆ ಉದ್ದ ಮತ್ತು ಅಗಲ, ಆದ್ದರಿಂದ 48ರಿಂದ ಎರಡೇ ಸಲ ಭಾಗ. ಹಡಗನ್ನು ನೆಟ್ಟಗೆ ನಿಲ್ಲಿಸುವುದು ಅದರ ತೂಕ, ಅದು ಗೊಮ್ಮಟನ ಲೆಕ್ಕದಂತೆ ಮೂರು ಸಲ ಭಾಗ. ನೋಡಿ, ಬೀಳಿಸುವವನಿಗಿಂತ ಹಿಡಿದು ನಿಲ್ಲಿಸುವವನೇ 48 ಪಟ್ಟು ಹೆಚ್ಚು ಸೊರಗಿದ. ಗಾಳಿಯೋ ಮೊದಲಿದ್ದಷ್ಟೇ ಇದೆ, ಅದಕ್ಕೆ ನಮ್ಮ ಅಳತೆಪಟ್ಟಿ ಗೊತ್ತಿಲ್ಲ.

ಎರಡು ಉಪಾಯಗಳಿವೆ. ಒಂದು, ಹಡಗಿನ ಹೊಟ್ಟೆಯ ತೀರಾ ಕೆಳಗೆ ಭಾರ ಇಡುವುದು. ಬಲೆಗೆ ಕಟ್ಟುವ ಸೀಸದ ಗುಂಡು ಸಾಕು (ಮುಟ್ಟಿದ ಮೇಲೆ ಕೈ ತೊಳೆಯಿರಿ, ಸೀಸ ಹೊಟ್ಟೆಗೆ ಹೋಗಬಾರದು). ಇನ್ನೊಂದು ನನಗೆ ಹೆಚ್ಚು ಇಷ್ಟ: ಗಾಳಿಯನ್ನೂ ಕುಗ್ಗಿಸುವುದು. ಗಾಳಿಯ ವೇಗ ಏಳನೇ ಒಂದು ಪಾಲಾದರೆ ಅದರ ತಳ್ಳುವಿಕೆ 49ನೇ ಒಂದು ಪಾಲಾಗುತ್ತದೆ. ನಮಗೆ ಬೇಕಿದ್ದುದು 48, ಹತ್ತಿರವೇ ಬಂತು. ಗಂಟೆಗೆ 21 ಕಿ.ಮೀ. ಗಾಳಿ ದೊಡ್ಡ ಗುರಾಬಿಗಾದರೆ, ಪುಟ್ಟದಕ್ಕೆ 3 ಕಿ.ಮೀ. ಗಾಳಿ ಸಾಕು.

ಈ ಏಳು ಇನ್ನೊಂದು ಕಡೆಯೂ ಬರುತ್ತದೆ. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ 1860ರ ದಶಕದಲ್ಲಿ ಹಂಸ, ಕಾಗೆಯ ಹೆಸರಿಟ್ಟ ಎರಡು ಬಗೆಯ ಮಾದರಿ ಹಡಗುಗಳನ್ನು ನೀರಿನಲ್ಲಿ ಎಳೆದು ನೋಡಿದ. ಮಾದರಿಯನ್ನು ತಕ್ಕ ವೇಗದಲ್ಲಿ ಎಳೆದರೆ ಅದು ಎಬ್ಬಿಸುವ ಅಲೆಗಳ ವಿನ್ಯಾಸ ದೊಡ್ಡ ಹಡಗಿನದರಂತೆಯೇ ಇರುತ್ತದೆ ಎಂದು ಕಂಡುಕೊಂಡ. ನಮ್ಮ ಅಳತೆಗೆ ಆ ತಕ್ಕ ವೇಗ ಸುಮಾರು ಏಳನೇ ಒಂದು ಪಾಲು. ಹೀಗೆ ಮಾದರಿಯಲ್ಲಿ ಪರೀಕ್ಷಿಸುವುದು ಬರೀ ಹಳೆಯ ಕಥೆಯಲ್ಲ. ಅಜಂತಾ ಗುಹೆಯ 5ನೇ ಶತಮಾನದ ಚಿತ್ರವನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ 2025ರ ಮೇ 21ರಂದು ಕಾರವಾರದಲ್ಲಿ ನಮ್ಮ ನೌಕಾಪಡೆಗೆ ಸೇರಿತು. ಹಳೆಯ ನಕ್ಷೆ ಯಾವುದೂ ಇರಲಿಲ್ಲ. ಹಾಗಾಗಿ ಅದು ನೀರಿನಲ್ಲಿ ಹೇಗೆ ನಡೆದೀತು ಎಂಬುದನ್ನು ಮದ್ರಾಸ್ ಐಐಟಿಯಲ್ಲಿ ಮಾದರಿಯ ಮೂಲಕ ಪರೀಕ್ಷಿಸಿದರು.

ನೀವೂ ಪರೀಕ್ಷಿಸಬಹುದು. ಗಾಳಿ ನಿಂತಾಗ ಗಲ್ಬತ್‌ಗಳು ಹುಟ್ಟು ಹಾಕುತ್ತಾ ಗುರಾಬುಗಳನ್ನು ಎಳೆದೊಯ್ಯುತ್ತಿದ್ದವು. ನಲವತ್ತು ಐವತ್ತು ಹುಟ್ಟುಗಳಿದ್ದ ಗಲ್ಬತ್ ಗಂಟೆಗೆ ನಾಲ್ಕು ಮೈಲಿ ಸಾಗುತ್ತಿತ್ತಂತೆ. ಅದರ ಏಳನೇ ಒಂದು ಪಾಲೆಂದರೆ ಒಂದು ಮೀಟರಿಗೆ ನಾಲ್ಕು ಸೆಕೆಂಡು. ನೀರಿನ ತೊಟ್ಟಿಯ ಪಕ್ಕದಲ್ಲಿ ಒಂದು ಮೀಟರ್ ಗುರುತು ಹಾಕಿ, ಮಾದರಿಯ ಮೂತಿಗೆ ನೂಲು ಕಟ್ಟಿ, ನಾಲ್ಕು ಎಣಿಸುವಷ್ಟರಲ್ಲಿ ಎಳೆಯಿರಿ. ಆಮೇಲೆ ಎರಡೇ ಎಣಿಸುವಷ್ಟರಲ್ಲಿ ಎಳೆದು, ಬೋಳು ಮೂತಿಯ ಮೇಲೆ ಏರಿದ ನೀರು ಯಾವ ಕಡೆಗೆ ಹರಿಯುತ್ತದೆ ನೋಡಿ.